ಹಸಿರು ಗಾಜಿನ ಸಾಕ್ಷಿ

ಅಜ್ಜಂಪುರ
ಶನಿವಾರ, 12 ಮಾರ್ಚ್ 1988

ಕರ್ತನಲ್ಲಿ ಪ್ರಿಯನಾದ ಅಪ್ಪನಿಗೆ, ಮಗಳು ಸುವಾರ್ತಳ ವಂದನೆಗಳು.

ಹಿರಿಯರಿಗೆ ಕಾಗದ ಬರೆಯುವಾಗ 'ತಾವು' ಎಂದು ಬರೆಯಬೇಕೆಂದು ನನ್ನ ನಾಲ್ಕನೇ ತರಗತಿಯ ಮಕ್ಕಳಿಗೆ ಮೊನ್ನೆಯಷ್ಟೇ ಹೇಳಿಕೊಟ್ಟಿದ್ದೇನೆ. ನಾನೇ ಹಾಗೆ ಬರೆಯಲಾರೆ. ಸಿಟ್ಟು ಬಂದಾಗ ನನ್ನ ಬಾಯಲ್ಲಿ 'ನೀನು' ಎಂದೇ ಬರುವುದು, ಕೈಯಲ್ಲೂ ಅದೇ ಬರುತ್ತಿದೆ. ಕ್ಷಮಿಸು, ಇಲ್ಲದಿದ್ದರೆ ಬಿಡು.

ನಿನ್ನ ಇನ್‌ಲ್ಯಾಂಡ್ ಲೆಟರ್ ಸೋಮವಾರ ಬಂತು. ಬೀರೂರಿನ ನಮ್ಮ ಕ್ರೈಸ್ತ ಸಭೆಗೆ ಐವತ್ತು ವರ್ಷ ತುಂಬುತ್ತದೆ, ಈಸ್ಟರಿಗೆ ನೆನಪಿನ ಪುಸ್ತಕ ಅಚ್ಚಾಗುತ್ತದೆ, ಅದರಲ್ಲಿ ನಿನ್ನ ಸಾಕ್ಷಿ ಇರಲೇಬೇಕು ಎಂದು ಬರೆದಿದ್ದೀಯ. ಸೃಷ್ಟಿಯಲ್ಲಿ ದೇವರ ಕೈಯನ್ನು ಹೇಗೆ ಕಂಡೆ, ಗ್ರಹಣದ ದಿನ ಕೆಟ್ಟ ಕಣ್ಣನ್ನು ಆತನು ಹೇಗೆ ವಾಸಿ ಮಾಡಿದನು, ಎರಡು ಪುಟ ಸಾಕು ಅಂತೆ. ಮೊದಲನೇ ಸಾಲನ್ನೂ ನೀನೇ ಬರೆದುಕೊಟ್ಟಿದ್ದೀಯ. ಕತ್ತಲೆಯಿಂದ ಬೆಳಕಿಗೆ ಅಂತ ಏನೋ ಇತ್ತು. ಮಗಳು ಮೇಷ್ಟರಾದರೂ ಅವಳ ವಾಕ್ಯವನ್ನು ನೀನೇ ಶುರು ಮಾಡಬೇಕು ನಿನಗೆ.

ಆ ಎರಡು ಪುಟ ನಾನು ಬರೆಯುವುದಿಲ್ಲ ಅಪ್ಪ. ನನ್ನ ಕಣ್ಣು ವಾಸಿಯಾಗಿಲ್ಲ.

ಆ ಸಾಲನ್ನು ಇನ್ನೊಂದು ಸಲ ಓದಿಕೋ, ಆದರೆ ಮನಸ್ಸಿನಲ್ಲಿ ಓದಿಕೋ. ಬಂದ ಕಾಗದವನ್ನೆಲ್ಲ ಜಗಲಿಯ ಮೇಲೆ ಕೂತು ಇಡೀ ರೈಲ್ವೆ ಕ್ವಾರ್ಟರ್ಸಿಗೆ ಕೇಳುವ ಹಾಗೆ ಓದುವವನು ನೀನು. ನನ್ನ ಬಲಗಣ್ಣಿನ ನಟ್ಟನಡುವೆ ಎಂಟು ವರ್ಷದಿಂದ ಒಂದು ಕಪ್ಪು ಚುಕ್ಕೆ ಕೂತಿದೆ. ಎರಡು ಕಣ್ಣೂ ತೆರೆದಿದ್ದರೆ ಎಡಗಣ್ಣು ಹೇಗೋ ಸುಧಾರಿಸುತ್ತದೆ. ಎಡಗಣ್ಣು ಮುಚ್ಚಿದರೆ ಮುಗಿಯಿತು. ಹೆಸರು ಓದಲು ಹೋದರೆ ಹೆಸರು ಇರುವುದಿಲ್ಲ, ಸುತ್ತಲಿನ ಕಾಗದ ಇರುತ್ತದೆ. ಎದುರಿಗಿರುವವರ ಮುಖ ನೋಡಿದರೆ ಕೂದಲಿದೆ, ಕೊರಳಿದೆ, ಮುಖವಿಲ್ಲ. ಅವರ ಕಿವಿಯನ್ನು ನೋಡಿದರೆ ಮಾತ್ರ ಮುಖ ಅಷ್ಟಿಷ್ಟು ಬರುತ್ತದೆ. ಈ ಉಪಾಯವನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡದ್ದು.

ನಿನ್ನ ಜೊತೆ ಬೆಳೆಯುವುದು ಸುಲಭವಾಗಿರಲಿಲ್ಲ. ಬೇರೆಯವರ ಮನೆಯಲ್ಲಿ ತೆಂಗಿನಕಾಯಿ ಸುಲಿದರೆ ಚಟ್ನಿಯಾಗುತ್ತದೆ, ನಮ್ಮ ಮನೆಯಲ್ಲಿ ದೇವರ ಪ್ರಸಂಗವಾಗುತ್ತಿತ್ತು. ನೀನು ಸುಲಿದ ಕಾಯಿಯನ್ನು ಕೈಯಲ್ಲಿ ತಿರುಗಿಸುತ್ತ, "ಮೂರು ಕಣ್ಣು ನೋಡವ್ವ. ಎರಡು ಗಟ್ಟಿ, ಒಂದು ಮೆತ್ತಗೆ. ಮೊಳಕೆ ಬರೋದು ಆ ಒಂದ್ರಲ್ಲೇ. ದಾರಿ ಬಿಡ್ಬೇಕು ಅಂತ ಯಾರಿಗ್ ಗೊತ್ತಿತ್ತು?" ಎನ್ನುತ್ತಿದ್ದೆ. ಎದುರುಮನೆಯ ಕೊಬ್ಬರಿ ಮಂಡಿಯ ತೀರ್ಥಮ್ಮ ಒಂದು ದಿನ ಬೇಲಿಯ ಆಚೆಯಿಂದಲೇ ಹೇಳಿದರು: "ಅದು ನಮ್ ಶಿವನ ಮುಕ್ಕಣ್ಣು ಕಣಪ್ಪ ಸಮಾಧಾನಪ್ಪ. ನಿಮ್ ದೇವ್ರು ಯಾವಾಗ ಬಂದು ತೂತು ಕೊರ್ದ?" ಅವ್ವ ಒಳಗೆ ನಕ್ಕಳು, ನೀನೂ ನಕ್ಕೆ. ಮಾರನೆಯ ದಿನ ಗೀಜಗನ ಗೂಡು ಹಿಡಿದುಕೊಂಡು ಅವರ ಬೇಲಿಯ ಹತ್ತಿರ ನಿಂತಿದ್ದೆ.

ಆಗೆಲ್ಲ ನನಗೆ ಅದು ಹಿತವಾಗಿತ್ತು, ಸುಳ್ಳು ಹೇಳುವುದಿಲ್ಲ. ನಿನ್ನ ಸೈಕಲ್ಲಿನ ಹಿಂದೆ ಕೂತು ಕಡೂರಿಗೆ ಹೋಗುವಾಗ ದಾರಿಯ ಕಲ್ಲಿಗೂ ಕಳ್ಳಿಗೂ ಒಬ್ಬ ಯಜಮಾನ ಇದ್ದಾನೆ ಎಂದು ಅನ್ನಿಸುತ್ತಿತ್ತು. ದೊಡ್ಡವಳಾದಂತೆ ಆಟದ ನಿಯಮ ಗೊತ್ತಾಯಿತು. ಮಳೆ ಬಂದರೆ ದೇವರ ಕೈ, ಬರದಿದ್ದರೆ ದೇವರ ಗುಟ್ಟು. ಒಳ್ಳೆಯದಾದರೆ ಸಾಕ್ಷಿ, ಕೆಟ್ಟದಾದರೆ ಪರೀಕ್ಷೆ. ನೀನು ಎಂದೂ ಸೋಲದ ಆಟ ಅದು. ಬಿದ್ದರೂ ಮೀಸೆ ಮಣ್ಣಾಗುವುದಿಲ್ಲ ನಿನಗೆ.

ಆ ಶನಿವಾರ ನನಗೆ ಹದಿನಾಲ್ಕು ವರ್ಷ. ಫೆಬ್ರವರಿ ಹದಿನಾರು, 1980. ಮೂರು ದಿನದಿಂದ ರೇಡಿಯೊದಲ್ಲಿ ಬರಿಗಣ್ಣಿನಿಂದ ಸೂರ್ಯನನ್ನು ನೋಡಬೇಡಿ ಎಂದು ಹೇಳುತ್ತಲೇ ಇದ್ದರು. ಬೀರೂರಿನ ಬೀದಿಗಳು ಮಧ್ಯಾಹ್ನಕ್ಕೇ ಖಾಲಿ. ತೀರ್ಥಮ್ಮ ಕೊಡಗಳಿಗೆಲ್ಲ ಗರಿಕೆ ಹಾಕಿ, ಬಸುರಿ ಸೊಸೆಯನ್ನು ಒಳಕೋಣೆಯಲ್ಲಿ ಕೂರಿಸಿ, ಬಾಗಿಲು ಹಾಕಿಕೊಂಡಿದ್ದರು. ನೀನು ಮಾತ್ರ ಹಬ್ಬದ ಬಟ್ಟೆ ಹಾಕಿಕೊಂಡಿದ್ದೆ.

ಅದು ಯಾಕೆ ಎಂದು ನನಗೆ ಆಗಲೂ ಗೊತ್ತಿತ್ತು. ನಿನ್ನ ಅಪ್ಪ, ಪಂಚನಹಳ್ಳಿಯ ಗಿಡ್ಡಪ್ಪ, ಗ್ರಹಣ ಬಿಟ್ಟ ಮೇಲೆ ಬೀದಿಬೀದಿ ಕೂಗಿಕೊಂಡು ಹೋಗಬೇಕಾಗಿತ್ತು. ಗ್ರಹಣದ ದೋಷ ಕಳೆಯಲೆಂದು ಜನ ದೂರದಿಂದ ಎಸೆಯುವ ಹಳೆಯ ಬಟ್ಟೆ, ಕಾಳು, ಎಳ್ಳು, ಎಲ್ಲ ಅವನ ಜೋಳಿಗೆಗೆ. ಊರಿನ ದೋಷ ಹೊತ್ತು ತಂದ ಆ ಕಾಳನ್ನೇ ನೀನು ಬೇಯಿಸಿ ತಿಂದು ಬೆಳೆದೆ. ತಾತ ಕರ್ತನ ಮಾತು ಕೇಳಿ ಸಭೆಗೆ ಸೇರಿದ ಮೇಲೆ ಜೋಳಿಗೆ ಕೆಳಗಿಟ್ಟನಂತೆ. "ಆಕಾಶಕ್ಕೆ ದೋಷ ಇಲ್ಲ ಕಣವ್ವ, ಅದು ನಮ್ ತಂದೆ ಮಾಡಿದ್ದು" ಎಂದು ನೀನು ಹೇಳುವಾಗ ಅದು ಬರೀ ಪ್ರಸಂಗವಾಗಿರಲಿಲ್ಲ. ಇದನ್ನು ನಾನು ಮರೆತಿಲ್ಲ. ಮರೆಯಲು ಆಗಿದ್ದರೆ ಈ ಕಾಗದ ಬರೆಯುವುದು ಸುಲಭವಾಗುತ್ತಿತ್ತು.

ಆದರೆ ಗಾಜು. ಆ ಗಾಜಿನ ಬಗ್ಗೆ ಏನು ಹೇಳಲಿ ನಾನು?

ಬೀರೂರು ಜಂಕ್ಷನ್ನಿನ ಲ್ಯಾಂಪ್‌ಮನ್ ನೀನು. ಸಂಜೆಯಾದರೆ ಸೀಮೆಎಣ್ಣೆ ತುಂಬಿ, ಬತ್ತಿ ಕತ್ತರಿಸಿ, ಸಿಗ್ನಲ್ ಕಂಬ ಹತ್ತಿ ದೀಪ ಇಡುವವನು. ಒಡೆದುಹೋದ ಒಂದು ಕೈದೀಪದ ಹಸಿರು ಗಾಜನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಅದರ ಮೇಲೆ ಚಿಮಣಿಯ ಹೊಗೆ ಹಿಡಿಸಿ ನನ್ನ ಕೈಗೆ ಕೊಟ್ಟೆ. ರೇಡಿಯೊದವರು ಬೇಡ ಎಂದಿದ್ದಾರಲ್ಲ ಎಂದು ಅವ್ವ ಗೊಣಗಿದಳು. ನೀನು ಅಂದೆ, "ಬರಿಗಣ್ಣಲ್ಲಿ ಯಾರ್ ನೋಡ್ತಾರೆ? ಇಂಜಿನ್ ಡ್ರೈವರು ಇಷ್ಟು ಜನಾನ ಕೂರಿಸ್ಕೊಂಡು ಈ ಗಾಜು ನಂಬಿ ಗಾಡಿ ಬಿಡ್ತಾನೆ. ನಾವ್ ನಂಬಬಾರ್ದಾ?"

ಲ್ಯಾಂಪ್‌ಮನ್ ಮನೆಯಲ್ಲಿ ಅಲ್ಲದೆ ಈ ತಪ್ಪು ಇನ್ನೆಲ್ಲಿ ಆಗುತ್ತದೆ ಹೇಳು. ದೀಪ ತೋರಿಸುವುದಕ್ಕೆ ಮಾಡಿದ ಗಾಜು ಅದು, ಸೂರ್ಯನನ್ನು ತಡೆಯುವುದಕ್ಕೆ ಮಾಡಿದ್ದಲ್ಲ. ಸುಟ್ಟಿದ್ದರೆ, ಚುಚ್ಚಿದ್ದರೆ, ನೀರು ಬಂದಿದ್ದರೆ ನಾನು ಕಣ್ಣು ಕೀಳುತ್ತಿದ್ದೆ. ಏನೂ ಆಗಲಿಲ್ಲ. ಎಡಗಣ್ಣು ಮುಚ್ಚಿ ಬಲಗಣ್ಣಿಗೆ ಗಾಜು ಹಿಡಿದೆ, ತಂಪಾಗಿ, ಯಾರೋ ಕಚ್ಚಿಟ್ಟ ದೋಸೆಯ ಹಾಗೆ ಹಸಿರು ಸೂರ್ಯ. ಬಿಸಿಲು ಬಣ್ಣಗೆಟ್ಟಿತು, ಕಾಗೆಗಳು ಗೂಡಿಗೆ ತಿರುಗಿದವು. ನೀನು ನನ್ನ ಹಿಂದೆ ನಿಂತು ಹೆಗಲು ಹಿಡಿದುಕೊಂಡು ಹೇಳುತ್ತಿದ್ದೆ. "ಚಂದ್ರ ಎಷ್ಟು, ಸೂರ್ಯ ಎಷ್ಟು. ಆದ್ರೂ ಅಳತೆ ಮಾಡಿ ಮುಚ್ಚಳ ಇಟ್ಟಂಗೆ ಕೂರ್ತದೆ ನೋಡು. ತಾನಾಗೇ ಆದದ್ದಾ ಇದು? ನೋಡವ್ವ, ಕಣ್ ಕೀಳ್ಬೇಡ."

ಕಣ್ ಕೀಳ್ಬೇಡ. ಎಂಟು ವರ್ಷದಿಂದ ಆ ಮಾತು ಕಿವಿಯಲ್ಲಿದೆ.

ಅದೇ ಹೊತ್ತಿಗೆ ಹುಣಸೆ ಮರದ ಕೆಳಗೆ ಪಾತ್ರೆ ಉಜ್ಜುತ್ತಿದ್ದ ಅವ್ವ ಕೂಗಿದಳು, ನೆನಪಿದೆಯಾ? "ಇಲ್ಲಿ ನೆಲ ನೋಡ್ ಬಾರೇ, ಎಲ್ಲಾ ಕುಡುಗೋಲು ಚೆಲ್ದಂಗೆ ಐತೆ." ಎಲೆಯ ಸಂದುಗಳಿಂದ ಬಿದ್ದ ಬಿಸಿಲಿನ ಒಂದೊಂದು ಚುಕ್ಕೆಯೂ ಕಚ್ಚಿದ ಸೂರ್ಯನೇ ಆಗಿತ್ತು. ನೂರಾರು ಸೂರ್ಯರು ಅವ್ವನ ಪಾತ್ರೆಗಳ ಮೇಲೆ, ಬೂದಿಯ ಮೇಲೆ, ಅವಳ ಒದ್ದೆ ಕೈಯ ಮೇಲೆ. ನಾನು ತಿರುಗಿ ಒಂದು ಗಳಿಗೆ ನೋಡಿದೆ. ನೀನು, "ನೆಲ ಏನ್ ನೋಡ್ತೀಯ, ಮೇಲೆ ನೋಡು" ಎಂದು ನನ್ನ ಗಲ್ಲ ಎತ್ತಿದೆ. ಆಮೇಲೆ ಎಷ್ಟೋ ದಿನದ ಮೇಲೆ ತೀರ್ಥಮ್ಮನೂ ಹೇಳಿದರು. ಬಾಗಿಲು ಮುಚ್ಚಿಕೊಂಡು ಕೂತಿದ್ದಾಗ ಹೆಂಚಿನ ಸಂದಿನಿಂದ ಬಿದ್ದ ಬಿಸಿಲು ಅವರ ಸಾರಿಸಿದ ನೆಲದ ಮೇಲೆ ಸಣ್ಣ ಚಂದ್ರನ ಚೂರಾಗಿತ್ತಂತೆ, ನಿಧಾನಕ್ಕೆ ತುಂಬಿಕೊಂಡಿತಂತೆ. ಹೆದರಿ ಬಾಗಿಲು ಹಾಕಿಕೊಂಡವರಿಗೂ ದೇವರು ತನ್ನ ಕೆಲಸ ತೋರಿಸಿದ, ಪಾತ್ರೆ ಉಜ್ಜುವವಳಿಗೂ ತೋರಿಸಿದ. ಗಾಜು ಹಿಡಿದು ಹುಡುಕಲು ಹೋದವರ ಕಣ್ಣು ಮಾತ್ರ ಹೋಯಿತು. ಇದಕ್ಕೆ ನಿನ್ನ ಹತ್ತಿರ ಯಾವ ಪ್ರಸಂಗ ಇದೆ?

ಮಾರನೆಯ ದಿನ ಆರಾಧನೆಯಲ್ಲಿ ಹಾಡಿನ ಪುಸ್ತಕದ ಸಾಲಿನ ಮಧ್ಯೆ ಕಲೆ ಬಿದ್ದಂತಿತ್ತು. ಬೆರಳಲ್ಲಿ ಒರೆಸಿದೆ, ಹೋಗಲಿಲ್ಲ. ಮನೆಗೆ ಬಂದು ಹೇಳಿದೆ. ನೀನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಆಮೇಲೆ ಮೂರು ದಿನ ಊಟ ಬಿಟ್ಟೆ. ಅಷ್ಟರಲ್ಲಿ ಊರಿಗೆ ಸುದ್ದಿ ಸಿಕ್ಕಿತ್ತು. ಗ್ರಹಣ ನೋಡಿ ಲ್ಯಾಂಪ್‌ಮನ್ ಮಗಳ ಕಣ್ಣು ಹೋಯಿತಂತೆ ಎಂದು ನಲ್ಲಿಯ ಹತ್ತಿರ ಮಾತಾಡಿಕೊಂಡರು. ಹೇಳಿದರೆ ಕೇಳಿದರಾ ಎಂದರು.

ಎರಡು ವಾರ ಬಿಟ್ಟು ಸಭಾಪಾಲಕರು ನನ್ನನ್ನು ಮುಂದೆ ಕರೆದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಿನ್ನ ಕೈಯೂ ಇತ್ತು. ಪ್ರಾರ್ಥನೆ ಮುಗಿದ ಮೇಲೆ ನೀನೇ ಕೇಳಿದೆ, "ಈಗ ಹೆಂಗವ್ವ, ಕಾಣ್ತದಾ?" ನಾನು ಎರಡು ಕಣ್ಣೂ ತೆರೆದೆ. ನೀನು ಕಂಡೆ, ಸಭೆ ಕಂಡಿತು, ಎಲ್ಲರೂ ಉಸಿರು ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. "ಕಾಣ್ತದೆ" ಎಂದೆ. ಎಡಗಣ್ಣು ಮುಚ್ಚಿ ನೋಡು ಎಂದು ಒಬ್ಬರೂ ಹೇಳಲಿಲ್ಲ. ಹಾಡು ಎದ್ದಿತು. ನೀನು ಎಲ್ಲರ ಎದುರಿಗೆ ಮಗುವಿನ ಹಾಗೆ ಅತ್ತೆ. ಆ ಅಳು ಕಂಡ ಮೇಲೆ ನನ್ನ ಬಾಯಿ ಕಟ್ಟಿಹೋಯಿತು.

ಡಾಕ್ಟರಿಗೆ ತೋರಿಸೋಣವೇ ಎಂದು ಅವ್ವ ಒಂದು ಸಲ ಕೇಳಿದ್ದಳು. "ಆತನು ವಾಸಿ ಮಾಡಿದ್ದನ್ನ ಡಾಕ್ಟರಿಗೆ ತೋರಿಸಿ ರುಜು ಹಾಕಿಸ್ಬೇಕಾ?" ಎಂದೆ ನೀನು. ಆಮೇಲೆ ಪ್ರತಿ ವರ್ಷ ನಾನು ಸಾಕ್ಷಿಯಾದೆ. ಹೊರಗಿನಿಂದ ಯಾರೇ ಬರಲಿ, "ಇವಳೇ ನೋಡಿ" ಎಂದು ನನ್ನನ್ನು ನಿಲ್ಲಿಸುತ್ತಿದ್ದೆ. ಗೀಜಗನ ಗೂಡು, ತೆಂಗಿನಕಾಯಿ, ಆಮೇಲೆ ನಾನು.

ಟೀಚರ್ ಟ್ರೈನಿಂಗಿನಲ್ಲಿದ್ದಾಗ ತರೀಕೆರೆಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಯಾರಿಗೂ ಹೇಳದೆ ಹೋಗಿ ಸಾಲಿನಲ್ಲಿ ನಿಂತೆ. ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, "ಚಿಕ್ಕವಳಿದ್ದಾಗ ಸೂರ್ಯನ್ನ ನೋಡಿದ್ಯೇನಮ್ಮ? ಒಳಗೆ ಕಲೆ ಬಿದ್ದಿದೆ. ಇದು ಬೆಳೆಯೋದಿಲ್ಲ, ಹೋಗೋದೂ ಇಲ್ಲ" ಎಂದರು. ಮುಂದಿನವರನ್ನು ಕರೆದರು. ನಾನು ಬಸ್‌ಸ್ಟ್ಯಾಂಡಿಗೆ ನಡೆದುಕೊಂಡು ಬಂದು ಒಂದು ಲೋಟ ಕಬ್ಬಿನ ಹಾಲು ಕುಡಿದು ಅಲ್ಲೇ ಕೂತು ಅತ್ತೆ. ಅವತ್ತೇ ನಿರ್ಧಾರ ಮಾಡಿದ್ದೆ, ಒಂದು ದಿನ ನಿನ್ನ ಬಾಯಿಂದ 'ನಾನು ತಪ್ಪು ಗಾಜು ಕೊಟ್ಟೆ' ಎಂಬ ಮಾತು ಹೊರಡಿಸಬೇಕು ಎಂದು. ನನಗೆ ದೇವರ ಮೇಲೆ ಸಿಟ್ಟಿರಲಿಲ್ಲ. ಆತನು ನನ್ನ ಕಣ್ಣಿಗೆ ಗಾಜು ಹಿಡಿದವನಲ್ಲ. ನಿನ್ನ ಮೇಲೆ ಇತ್ತು. ಇನ್ನೂ ಇದೆ.

ಅದನ್ನು ಹೇಳಲೆಂದೇ ಈ ಸಲ ಕ್ರಿಸ್‌ಮಸ್ಸಿಗೆ ಬಂದಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೂ ಬಂದಿದ್ದೆ. ನಿನ್ನ ಎಡಗಣ್ಣಿನ ರೆಪ್ಪೆಯ ಮೇಲೆ ಕುರು ಎದ್ದು ಕಣ್ಣು ಊದಿ ಮುಚ್ಚಿಹೋಗಿತ್ತು. ನೀನು ಒಂದೇ ಕಣ್ಣಿನಲ್ಲಿ ಓಡಾಡುತ್ತಿದ್ದೆ. ಮೇಣದಬತ್ತಿ ಹಚ್ಚಲು ಹೋದೆ, ಕಡ್ಡಿ ಬತ್ತಿಯ ಪಕ್ಕದಲ್ಲಿ ಹೋಯಿತು. ಇಪ್ಪತ್ತೈದು ವರ್ಷ ದೀಪ ಹಚ್ಚಿದ ಕೈ. ನಾನು ನಕ್ಕೆ ಕೂಡ. ಆಮೇಲೆ ನೀನು ನನ್ನ ಕಡೆ ತಿರುಗಿ, "ಸೊರಗಿದ್ದೀಯಲ್ಲವ್ವ" ಎಂದೆ. ಮಾತು ನನ್ನ ಜೊತೆ, ನೋಟ ನನ್ನ ಕಿವಿಯ ಮೇಲೆ.

ಆ ನೋಟ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿರುವುದು ಅಂದುಕೊಂಡಿದ್ದೆ.

ಅಡುಗೆಮನೆಗೆ ಹೋಗಿ ಅವ್ವನನ್ನು ಕೇಳಿದೆ. ಅವಳು ಕಜ್ಜಾಯದ ಹಿಟ್ಟು ತಟ್ಟುತ್ತ, ಏನೋ ಎಲ್ಲರಿಗೂ ಗೊತ್ತಿರುವ ವಿಷಯ ಹೇಳುವ ಹಾಗೆ ಹೇಳಿದಳು. "ಅವತ್ತು ಬೆಳಿಗ್ಗೇನೇ ನಿಮ್ಮಪ್ಪ ಹಿತ್ಲಲ್ಲಿ ನಿಂತು ಆ ಗಾಜಲ್ಲಿ ಸೂರ್ಯನ್ನ ನೋಡ್ತಾನೇ ಇದ್ರು. ಯಾಕ್ರೀ ಅಂದ್ರೆ, ಮಗೀಗೆ ಕೊಡೋದು, ಮೊದ್ಲು ನಂಗೇನಾಗ್ತದೆ ನೋಡ್ಬೇಕಲ್ಲ ಅಂದ್ರು. ಉರೀಲಿಲ್ಲ, ನೀರೂ ಬರ್ಲಿಲ್ಲ. ಕೊಟ್ರು. ಸಂಜೆಗೆ ಅವರ ಬಲಗಣ್ಣಿಗೆ ಕಪ್ಪು ಕಟ್ಟಿತ್ತು ಕಣೇ, ನೀನ್ ಬಂದು ಹೇಳೋಕ್ ಮುಂಚೇನೇ. ಮೂರ್ ದಿನ ಉಪವಾಸ ಇದ್ರಲ್ಲ, ಏನ್ ಕೇಳ್ಕೊಂಡ್ರು ಗೊತ್ತಾ? ನಂದ್ ತಗೋ, ಮಗೀದ್ ಬಿಡು ಅಂತ. ನಿಂದು ಬಂತು, ಅವರ್ದು ಹೋಯ್ತು. ಅದಕ್ಕೇ ಒಂದಿನಾನೂ ಕೊರಗಿಲ್ಲ ಅವ್ರು. ನಿಂಗ್ ಹೇಳ್ಬೇಡ ಅಂದಿದ್ರು, ಹೇಳ್ಬಿಟ್ಟೆ."

ಗ್ರಹಣದ ಮುಂದಿನ ವರ್ಷ ನೀನು ಸಿಗ್ನಲ್ ಕಂಬ ಹತ್ತುವುದನ್ನು ಬಿಟ್ಟು ಲ್ಯಾಂಪ್ ರೂಮಿನಲ್ಲೇ ಕೂರುವ ಕೆಲಸ ಕೇಳಿಕೊಂಡೆ. ಮೊಣಕಾಲು ನೋವು ಎಂದಿದ್ದೆ. ನಾನು ಬೇವಿನೆಣ್ಣೆ ಬಿಸಿ ಮಾಡಿ ನಿನ್ನ ಮೊಣಕಾಲಿಗೆ ತಿಕ್ಕುತ್ತಿದ್ದೆ. ಏಣಿಯ ಮೆಟ್ಟಿಲು ಎಲ್ಲಿದೆ ಎಂದು ಕಾಣದ ಮನುಷ್ಯನ ಗಟ್ಟಿಮುಟ್ಟಾದ ಮೊಣಕಾಲಿಗೆ.

ಬೆಳಗಾಗುತ್ತಲೇ ರಜೆ ಇಲ್ಲ ಎಂದು ಬಸ್ಸು ಹತ್ತಿದೆ. ಅದು ಸುಳ್ಳು, ರಜೆ ಇತ್ತು.

ಈಗ ಹೇಳು, ನಾನು ಏನು ಮಾಡಬೇಕಿತ್ತು? ಎಂಟು ವರ್ಷ ಕೂಡಿಟ್ಟ ಸಿಟ್ಟು ನನ್ನದು. ಅದರಲ್ಲಿ ಪೂರ್ತಿ ಸಿಟ್ಟಾಗುವುದಕ್ಕೂ ನೀನು ಬಿಡಲಿಲ್ಲ. ನಿನ್ನಿಂದ ತಪ್ಪು ಒಪ್ಪಿಸಬೇಕೆಂದು ಬಂದವಳಿಗೆ ಗೊತ್ತಾದದ್ದು, ಸಭೆಯ ಮುಂದೆ ಸುಳ್ಳು ಹೇಳಿದವಳು ನಾನು ಎಂದು. ನಿನ್ನ ಕಣ್ಣು ಕೊಟ್ಟು ನನ್ನದನ್ನು ಬಿಡಿಸಿಕೊಂಡೆ ಎಂದು ನೀನು ನಂಬಿ ಕೂತಿದ್ದೀಯ. ಆ ನಂಬಿಕೆ ನನ್ನ ಒಂದು 'ಕಾಣ್ತದೆ'ಯ ಮೇಲೆ ನಿಂತಿದೆ. ಸುಮ್ಮನಿದ್ದರೆ ನೀನು ಸುಖವಾಗಿರುತ್ತೀಯ ಎಂದು ಎರಡು ತಿಂಗಳು ಸುಮ್ಮನಿದ್ದೆ. ಸುಮ್ಮನಿರಲು ನೀನು ಬಿಟ್ಟೆಯಾ? ಇನ್‌ಲ್ಯಾಂಡ್ ಬಂತು, ಎರಡು ಪುಟ, ಮೊದಲನೇ ಸಾಲಿನ ಸಮೇತ. ಬಾಯಲ್ಲಿ ಆಡಿದ ಸುಳ್ಳು ಗಾಳಿಗೆ ಹೋಗಬಹುದು, ಅಚ್ಚಾದದ್ದನ್ನು ಯಾವುದೋ ಮಗು ಓದುತ್ತದೆ. ಓದಿ, ಗ್ರಹಣ ಬಂದಾಗ ಒಂದು ಗಾಜು ಹುಡುಕುತ್ತದೆ. ನಾನು ಮೇಷ್ಟರಮ್ಮ ಅಪ್ಪ, ಅದನ್ನು ಬರೆಯಲಾರೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದ್ದರೆ ಒದೆಸಿಕೊಳ್ಳುತ್ತೇನೆ. ಈಸ್ಟರ್ ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಸಾಕ್ಷಿ ಹೇಳುವ ಹೊತ್ತಿಗೆ ಮೊದಲು ನಾನು ನಿಲ್ಲುತ್ತೇನೆ. ಹದಿನಾಲ್ಕನೇ ವಯಸ್ಸಿನಲ್ಲಿ ಇಲ್ಲೇ ನಿಂತು ಸುಳ್ಳು ಹೇಳಿದೆ ಎನ್ನುತ್ತೇನೆ. ಆಮೇಲೆ ನೀನು ನಿಂತು ಗಾಜಿನ ವಿಷಯ ಹೇಳು. ದೇವರು ಕೈಬಿಟ್ಟ ಎಂದು ಜನ ಅಂದರೆ ಅನ್ನಲಿ. ಬಾಗಿಲು ಹಾಕಿಕೊಂಡವರೇ ಗೆದ್ದರು ಎಂದರೂ ಅನ್ನಲಿ. ನಿನ್ನ ದೇವರು ಅಷ್ಟಕ್ಕೆ ಬಿದ್ದುಹೋಗುವವನಲ್ಲ ಎಂದು ನನಗೆ ಗೊತ್ತು. ನಿನಗೆ ಗೊತ್ತಿದೆಯೇ ಎಂಬುದೇ ನನ್ನ ಅನುಮಾನ.

ನನ್ನ ಸಾಕ್ಷಿ ಬೇಕೇ ಬೇಕು ಎಂದರೆ ಹುಣಸೆ ಮರದ ಕೆಳಗೆ ಅವ್ವನ ಒದ್ದೆ ಕೈಯ ಮೇಲೆ ಬಿದ್ದ ಸೂರ್ಯನ ಬಗ್ಗೆ ಬರೆಯುತ್ತೇನೆ. ಇಲ್ಲಿ ಮಕ್ಕಳಿಗೆ ರಟ್ಟಿಗೆ ತೂತು ಮಾಡಿ ಸೂರ್ಯನನ್ನು ನೆಲದ ಮೇಲೆ ಬೀಳಿಸಿ ತೋರಿಸುತ್ತೇನೆ, ಪ್ರತಿ ಸಲವೂ ನನಗೆ ಮೈ ಜುಮ್ಮೆನ್ನುತ್ತದೆ. ಅದಕ್ಕಿಂತ ದೊಡ್ಡದೊಂದು ಇದೆ, ಅದನ್ನು ಬರೆಯಲು ನಿನ್ನ ಒಪ್ಪಿಗೆ ಬೇಕು. ಮಗಳ ಕೈಗೆ ಕೊಡುವ ಮೊದಲು ಗಾಜನ್ನು ತನ್ನ ಕಣ್ಣಿಗೆ ಹಿಡಿದು ನಿಂತ ಒಬ್ಬ ದಡ್ಡ ಲ್ಯಾಂಪ್‌ಮನ್. ದೇವರು ಇದ್ದಾನೆ ಎನ್ನುವುದಕ್ಕೆ ನನಗೆ ಅಷ್ಟು ಸಾಕಾಗಿತ್ತು. ನೀನು ಅದನ್ನೇ ನನ್ನಿಂದ ಮುಚ್ಚಿಟ್ಟು, ನನಗೆ ತೆಂಗಿನಕಾಯಿ ತೋರಿಸಿದೆ.

ಬೇಜಾರು ಮಾಡಿಕೋ, ಬೈ, ಊಟ ಬಿಡಬೇಡ. ಅವ್ವನಿಗೆ ಈ ಕಾಗದ ನೀನೇ ಓದಿ ಹೇಳು, ಮೆಲ್ಲಗೆ. ಆ ಹಸಿರು ಗಾಜು ನಿನ್ನ ಟ್ರಂಕಿನಲ್ಲೇ ಇದೆ ಎಂದು ನನಗೆ ಗೊತ್ತು, ಈಸ್ಟರಿನ ದಿನ ಸಭೆಗೆ ಅದನ್ನು ತಾ.

ನಾನು ಬಂದಾಗ ಜಗಲಿಯ ಮೇಲೆ ಎದುರುಬದುರು ಕೂರೋಣ. ಇಬ್ಬರೂ ಎಡಗಣ್ಣು ಮುಚ್ಚಿಕೊಳ್ಳೋಣ. ನೀನು ನನ್ನ ಕಿವಿ ನೋಡು, ನಾನು ನಿನ್ನ ಕಿವಿ ನೋಡುತ್ತೇನೆ. ಮುಖ ಕಾಣುತ್ತದೆ ಅಪ್ಪ, ನನಗೆ ಅಭ್ಯಾಸವಿದೆ.

ಆತನ ಕೃಪೆ ನಿನ್ನ ಎರಡು ಕಣ್ಣಿನ ಮೇಲೂ ಇರಲಿ, ಕಾಣುವುದರ ಮೇಲೂ ಕಾಣದ್ದರ ಮೇಲೂ.

ಇಂತಿ, ನಿನ್ನ ಸುಳ್ಳುಸಾಕ್ಷಿ ಮಗಳು,
ಸುವಾರ್ತ